ಹವ್ಯಾಸಿ ಬರಹಕ್ಕೆ ಯಾರ ತಕ್ಕಡಿ?

ಹವ್ಯಾಸಕ್ಕೆ ಬರೆಯುವವರ ಬರಹದಲ್ಲಿ ಗುಣಮಟ್ಟ ಇರುವುದಿಲ್ಲ ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ಹೇಳುವವರು ಸಾಮಾನ್ಯವಾಗಿ ವೇದಿಕೆಯ ಮೇಲಿರುತ್ತಾರೆ, ಹೆಗಲಿಗೆ ಶಾಲು, ಮುಂದೆ ನೀರಿನ ಬಾಟಲಿ. ಕೇಳುವವರು ನಾವು, ಹಗಲೆಲ್ಲ ಇನ್ನೊಬ್ಬರ ಕೆಲಸ ಮಾಡಿ ರಾತ್ರಿ ಊಟ ಆದ ಮೇಲೆ ನಾಲ್ಕು ಸಾಲು ಕುಟ್ಟುವವರು. ಕೇಳಿಸಿಕೊಂಡು ಹೌದು ಹೌದು ಅಂತ ತಲೆ ಬೇರೆ ಆಡಿಸುತ್ತೇವೆ! ನನಗೆ ಸಿಟ್ಟು ಬರುವುದು ಅವರು ಹೇಳುವುದಕ್ಕಲ್ಲ, ನಾವು ತಲೆ ಆಡಿಸುವುದಕ್ಕೆ.

ತೂಗಬೇಡಿ ಅಂತ ನಾನು ಹೇಳುತ್ತಿಲ್ಲ. ತೂಗಲೇಬೇಕು. ಆದರೆ ಸ್ವಾಮಿ, ನಿಮ್ಮ ಕೈಯಲ್ಲಿರುವ ತಕ್ಕಡಿ ಯಾವುದು? ಬಂಗಾರ ತೂಗುವ ತಕ್ಕಡಿಯಲ್ಲಿ ಕೊಬ್ಬರಿ ತೂಗಿದರೆ ತಪ್ಪು ಕೊಬ್ಬರಿಯದ್ದಾ?

ನಾನು ಸಾಹಿತ್ಯ ಓದಿದವನಲ್ಲ. ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಲ್ಲಿ ಸಾಫ್ಟ್‌ವೇರ್ ಬರೆಯುವವನು, ಊರು ಅರಸೀಕೆರೆ. ಆದ್ದರಿಂದ ನನಗೆ ಗೊತ್ತಿರುವ ಕಡೆಯಿಂದಲೇ ಶುರು ಮಾಡ್ತೀನಿ. ನಮ್ಮಲ್ಲಿ ಒಬ್ಬ ಬರೆದ ಕೋಡನ್ನು ಇನ್ನೊಬ್ಬ ನೋಡಿ ಒಪ್ಪಿಗೆ ಕೊಡಬೇಕು, ಅದಕ್ಕೆ ರಿವ್ಯೂ ಅಂತಾರೆ. ಲಿಂಟರ್ ಅಂತ ಒಂದು ತಂತ್ರಾಂಶ ಇದೆ. ಇಲ್ಲಿ ಜಾಗ ಬಿಟ್ಟಿಲ್ಲ, ಅಲ್ಲಿ ಸಾಲು ಉದ್ದ ಆಯ್ತು, ಹೆಸರಿಟ್ಟ ರೀತಿ ಸರಿ ಇಲ್ಲ ಅಂತ ಕೆಂಪು ಗೆರೆ ಎಳೆಯುವುದು ಅದರ ಕೆಲಸ. ಉಪಯೋಗದ್ದೇ, ಬೇಡ ಅನ್ನಲ್ಲ. ಆದರೆ ಬಡ್ಡಿ ಲೆಕ್ಕ ಹಾಕಬೇಕಾದ ಪ್ರೋಗ್ರಾಮು ತಪ್ಪು ಬಡ್ಡಿ ಹಾಕುತ್ತಿದ್ದರೆ ಲಿಂಟರ್‌ಗೆ ಅದು ಕಾಣುವುದಿಲ್ಲ. ಅಂದವಾಗಿ ಜಾಗ ಬಿಟ್ಟು ಬರೆದ ತಪ್ಪು ಲೆಕ್ಕಕ್ಕೆ ಅದು ಹಸಿರು ಟಿಕ್ ಕೊಟ್ಟು ಕಳಿಸುತ್ತದೆ. ಕೆಲವು ಹಿರಿಯ ರಿವ್ಯೂದಾರರೂ ಹಾಗೇ. ನೂರು ಸಾಲಿಗೆ ನಲವತ್ತು ಟಿಪ್ಪಣಿ, ಅದರಲ್ಲಿ ಮೂವತ್ತೊಂಬತ್ತು ಅಲ್ಪವಿರಾಮದ ಬಗ್ಗೆ.

ಕನ್ನಡದಲ್ಲಿ ಹವ್ಯಾಸಿ ಬರಹವನ್ನು ತೂಗುವ ಬಹುಪಾಲು ಜನ ಲಿಂಟರ್‌ಗಳು. ಕಾಗುಣಿತ ಹೇಗಿದೆ, ಶೈಲಿ ಇದೆಯಾ, ಯಾವ ಪ್ರಕಾರಕ್ಕೆ ಸೇರುತ್ತೆ... ಬರೆದವನು ಏನು ಹೇಳಿದ, ಅವನು ಹೇಳದಿದ್ದರೆ ಅದು ನಮಗೆ ಬೇರೆ ಎಲ್ಲಾದರೂ ಸಿಗುತ್ತಿತ್ತಾ ಅನ್ನುವ ಪ್ರಶ್ನೆ ಬರುವುದೇ ಇಲ್ಲ.

ಇದು ನನ್ನ ಮನೆಯಲ್ಲೇ ನಡೆದದ್ದನ್ನು ಹೇಳಿದರೆ ಅರ್ಥ ಆಗುತ್ತೆ. ನಮ್ಮ ದೊಡ್ಡಪ್ಪ ಓದಿದ್ದು ಏಳನೇ ಕ್ಲಾಸು, ಬದುಕಿದ್ದು ತೆಂಗಿನ ತೋಟದಲ್ಲಿ. ಗೊಬ್ಬರದ ಅಂಗಡಿಯವರು ವರ್ಷಕ್ಕೊಂದು ಪುಕ್ಕಟೆ ಕೊಡುತ್ತಿದ್ದ ಡೈರಿಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಬರೆದಿದ್ದಾರೆ. ಯಾವತ್ತು ಮಳೆ ಬಂತು, ಕೆರೆ ಯಾವ ವರ್ಷ ಕೋಡಿ ಬಿತ್ತು, ಯಾವ ಮರದಲ್ಲಿ ಎಷ್ಟು ಕಾಯಿ ಇಳಿಸಿದರು, ತಿಪಟೂರಿನಲ್ಲಿ ಕೊಬ್ಬರಿ ಏನು ರೇಟಿತ್ತು, ಪಕ್ಕದ ತೋಟದವರು ಬೋರು ಎಷ್ಟು ಅಡಿ ಕೊರೆಸಿದರು. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ತೆಂಗಿನ ನುಸಿ ಒಂದೆರಡು ವರ್ಷದಲ್ಲಿ ನಮ್ಮ ಕಡೆಗೂ ಬಂತಲ್ಲ, ಅದು ಅವರ ತೋಟಕ್ಕೆ ಬಂದ ಬಗೆಯನ್ನು ತಿಂಗಳು ತಿಂಗಳೂ ಬರೆದಿಟ್ಟಿದ್ದಾರೆ. ಎಳೆಗಾಯಿಯ ತೊಟ್ಟಿನ ಕೆಳಗೆ ಬಿಳಿಚಿಕೊಂಡ ಮುಕ್ಕೋನದ ಮಚ್ಚೆ, ಆಮೇಲೆ ಅದು ಕಂದಾಗುವುದು, ಸಿಪ್ಪೆ ಬಿರಿದು ಅಂಟು ಇಳಿಯುವುದು, ಕಾಯಿ ನಿಂಬೆಹಣ್ಣಿನ ಗಾತ್ರಕ್ಕೇ ಉದುರುವುದು. ಮೊದಲ ವರ್ಷ ಯಾರಿಗೂ ಅದು ರೋಗ ಅಂತಲೇ ಗೊತ್ತಿರಲಿಲ್ಲ, ಬಿಸಿಲು ಜಾಸ್ತಿಯಾಗಿ ಹಾಗಾಗಿದೆ ಅಂದುಕೊಂಡಿದ್ದರು ಅಂತಲೂ ಇದೆ.

ಅದರಲ್ಲಿ ಮೂರು ಪುಟ ಆರಿಸಿ ಒಂದು ಸ್ಮರಣ ಸಂಚಿಕೆಗೆ ಕೊಟ್ಟರು. ಯಾವ ಸಂಚಿಕೆ, ಯಾರು ಸಂಪಾದಕರು ಅನ್ನುವುದು ಇಲ್ಲಿ ಬೇಡ. ವಾಪಸ್ ಬಂತು. ಭಾಷೆ ಗ್ರಾಮ್ಯ, ಕಾಗುಣಿತ ಸರಿ ಇಲ್ಲ, ಲೇಖನದ ಸ್ವರೂಪ ಇಲ್ಲ ಅಂತ. ನಿಜವೇ. 'ಹಳ್ಳ' ಇರಬೇಕಾದ ಕಡೆ 'ಅಳ್ಳ' ಇತ್ತು, 'ಹಸು' ಇರಬೇಕಾದ ಕಡೆ 'ಅಸು' ಇತ್ತು. ಸಂಚಿಕೆ ಬಂದ ಮೇಲೆ ತೆಗೆದು ನೋಡಿದರೆ ಹೊಯ್ಸಳ ದೇವಾಲಯಗಳ ಮೇಲೆ ಐದು ಪುಟದ ಲೇಖನ. ಒಂದು ಕಾಗುಣಿತ ತಪ್ಪಿಲ್ಲ. ಕಲ್ಲು ಮಾತಾಡುತ್ತದೆ, ಶಿಲೆ ಕವಿತೆಯಾಗುತ್ತದೆ, ಜಕಣಾಚಾರಿಯ ಉಳಿ ಅಮರ. ಐದು ಪುಟ ಓದಿ ಮುಗಿಸಿದ ಮೇಲೆ ಬರೆದವರು ಬೇಲೂರಿಗೆ ಹೋಗಿದ್ದರೋ ಇಲ್ಲವೋ ಅಂತಲೇ ಗೊತ್ತಾಗಲಿಲ್ಲ.

ಈ ಜಕಣಾಚಾರಿ ವಿಷಯಕ್ಕೆ ಆಮೇಲೆ ಬರ್ತೀನಿ, ಅವನನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ :-)

ಈ ರೋಗ ಹೊಸದಲ್ಲ. ಅರಸೀಕೆರೆಯಿಂದ ಒಂದು ಗಂಟೆ ಬಸ್ಸಿನ ದಾರಿಯ ಹಳೇಬೀಡಿನಲ್ಲೇ ಏಳುನೂರ ಎಂಬತ್ತು ವರ್ಷದ ಹಿಂದೆ ಇದು ಅಚ್ಚುಕಟ್ಟಾಗಿ ನಡೆದಿದೆ. ಆಗ ಅದು ದೋರಸಮುದ್ರ, ಹೊಯ್ಸಳರ ರಾಜಧಾನಿ. ಸೋಮೇಶ್ವರ ರಾಜನ ಕಾಲದಲ್ಲಿ, ಸುಮಾರು 1245ರಲ್ಲಿ, ಮಲ್ಲಿಕಾರ್ಜುನ ಎಂಬ ವಿದ್ವಾಂಸ 'ಸೂಕ್ತಿಸುಧಾರ್ಣವ' ಅನ್ನುವ ಸಂಕಲನ ಮಾಡಿದ. ಅಲ್ಲಿಯವರೆಗಿನ ಕನ್ನಡ ಕಾವ್ಯಗಳಿಂದ ಒಳ್ಳೊಳ್ಳೆಯ ಪದ್ಯಗಳನ್ನು ಆರಿಸಿ ತೆಗೆದ ಕಟ್ಟು. ಈಗಿನ ಭಾಷೆಯಲ್ಲಿ 'ಅತ್ಯುತ್ತಮ ಆಯ್ಕೆ'. ಜೋಡಿಸಿದ ಕ್ರಮ ಹೇಗೆ? ಅಷ್ಟಾದಶ ವರ್ಣನೆಗಳ ಪ್ರಕಾರ. ಸಮುದ್ರ, ಬೆಟ್ಟ, ಪಟ್ಟಣ, ಋತು, ಚಂದ್ರೋದಯ, ಜಲಕ್ರೀಡೆ, ಯುದ್ಧ ಹೀಗೆ. ಮಹಾಕಾವ್ಯ ಅಂದರೆ ಇಷ್ಟು ವರ್ಣನೆ ಇರಬೇಕು ಅಂತ ಸಂಸ್ಕೃತದ ಲಾಕ್ಷಣಿಕರು ಮಾಡಿಟ್ಟ ಖಾನೆಗಳು.

ಈಗ ಇಸವಿ ಲೆಕ್ಕ ಹಾಕಿ. ವಚನಗಳು ಹುಟ್ಟಿದ್ದು ಹನ್ನೆರಡನೇ ಶತಮಾನದ ನಡುವಿನಲ್ಲಿ, ಅಂದರೆ ಈ ಸಂಕಲನಕ್ಕೆ ಸರಿಸುಮಾರು ಎಂಬತ್ತು ತೊಂಬತ್ತು ವರ್ಷ ಮುಂಚೆ. ದೋಣಿ ನಡೆಸುವ ಚೌಡಯ್ಯ, ಬಟ್ಟೆ ಒಗೆಯುವ ಮಾಚಯ್ಯ, ಬಿದ್ದ ಅಕ್ಕಿ ಆಯುವ ಮಾರಯ್ಯನ ಹೆಂಡತಿ ಲಕ್ಕಮ್ಮ. ಸೂಳೆ ಸಂಕವ್ವೆ ಅನ್ನುವವಳದ್ದು ನಮಗೆ ಸಿಕ್ಕಿರುವುದು ಒಂದೇ ಒಂದು ವಚನ. ಕಸುಬು ಮಾಡಿಕೊಂಡೇ ಬರೆದವರು, ಬರೆಯುವುದೇ ಕಸುಬಲ್ಲದವರು. ಹವ್ಯಾಸಿಗಳು ಅನ್ನುವ ಪದ ಅವರಿಗೆ ಸಣ್ಣದಾಯಿತು ನಿಜ, ಆದರೆ ಆಸ್ಥಾನದ ಕಣ್ಣಿಗೆ ಅವರು ಕಂಡಿರಬಹುದಾದ್ದು ಹಾಗೇ. ಸೂಕ್ತಿಸುಧಾರ್ಣವದಲ್ಲಿ ಇವರಲ್ಲಿ ಯಾರೂ ಇಲ್ಲ. ಹೇಗಿರುತ್ತಾರೆ ಹೇಳಿ? ಚಂದ್ರೋದಯಕ್ಕೆ ಖಾನೆ ಇತ್ತು, ಅಕ್ಕಿ ಆಯುವುದಕ್ಕೆ ಖಾನೆ ಇರಲಿಲ್ಲ.

ಮಲ್ಲಿಕಾರ್ಜುನ ಕೆಟ್ಟವನು ಅಂತಲ್ಲ. ಅವನ ಸಂಕಲನ ಇಲ್ಲದಿದ್ದರೆ ಎಷ್ಟೋ ಹಳೆಯ ಪದ್ಯಗಳು ನಮಗೆ ಸಿಗುತ್ತಿರಲಿಲ್ಲ. ಆದರೆ ಆ ಮನೆಯನ್ನೊಮ್ಮೆ ನೋಡಿ. ಅವನ ಹೆಂಡತಿಯ ಅಣ್ಣತಮ್ಮಂದಿರಲ್ಲಿ ಒಬ್ಬ ಜನ್ನ, 1209ರಲ್ಲಿ 'ಯಶೋಧರ ಚರಿತೆ' ಬರೆದ ಕವಿಚಕ್ರವರ್ತಿ. ಮಾವ ಸುಮನೋಬಾಣ, ಅವನೂ ಕವಿ. ಮಗ ಕೇಶಿರಾಜ, ಸುಮಾರು 1260ರಲ್ಲಿ 'ಶಬ್ದಮಣಿದರ್ಪಣ' ಬರೆದು ಕನ್ನಡಕ್ಕೆ ವ್ಯಾಕರಣ ಹಾಕಿಕೊಟ್ಟವನು. ಕವಿತೆ ಬರೆಯುವವನು, ಒಳ್ಳೆಯದು ಯಾವುದು ಅಂತ ಆರಿಸುವವನು, ಸರಿ ತಪ್ಪು ಹೇಳುವವನು, ಎಲ್ಲ ಒಂದೇ ಹಜಾರದಲ್ಲಿ ಊಟ ಮಾಡುತ್ತಿದ್ದವರು! ಇವತ್ತಿನ ಸಾಹಿತ್ಯ ಲೋಕಕ್ಕೆ ಇದನ್ನು ಹೋಲಿಸುವ ಕೆಲಸ ನಿಮಗೇ ಬಿಟ್ಟೆ.

ಕೇಶಿರಾಜ ದೊಡ್ಡ ವಿದ್ವಾಂಸ, ಎರಡು ಮಾತಿಲ್ಲ. ಹಳಗನ್ನಡದ ವ್ಯಾಕರಣ ಇವತ್ತು ನಮಗೆ ಇಷ್ಟು ವಿವರವಾಗಿ ಗೊತ್ತಿರುವುದೇ ಅವನಿಂದ. ಅವನು ಒಂದು ಅಕ್ಷರದ ಬಗ್ಗೆ ಬಹಳ ತಲೆ ಕೆಡಿಸಿಕೊಂಡಿದ್ದ: ೞ. (ನಿಮಗೆ ಇಲ್ಲಿ ಬರೀ ಒಂದು ಚೌಕ ಕಾಣಿಸಿದರೆ ನನ್ನನ್ನು ಬೈಯಬೇಡಿ, ಫಾಂಟನ್ನು ಬೈಯಿರಿ.) ಜನ ಆ ಅಕ್ಷರವನ್ನು ಬಿಟ್ಟು ಮಾಮೂಲಿ ಳ ಬಳಸಲು ಶುರು ಮಾಡಿದ್ದರು. ಯಾವ ಯಾವ ಪದಕ್ಕೆ ೞ ಬರಬೇಕು ಅಂತ ಕೇಶಿರಾಜ ಪಟ್ಟಿಯನ್ನೇ ಕೊಟ್ಟ. ಪಟ್ಟಿ ಉಳಿಯಿತು, ಅಕ್ಷರ ಉಳಿಯಲಿಲ್ಲ.

ಇದರ ತಮಾಷೆ ಏನು ಗೊತ್ತಾ? ಹಳೇಬೀಡು ಅನ್ನುವ ಹೆಸರನ್ನೇ ತಗೊಳ್ಳಿ. ಹಳೆಯ ಲೆಕ್ಕದಲ್ಲಿ ಅದು 'ಪೞೆಯ ಬೀಡು' ಆಗಬೇಕು. ಪ ಹೋಗಿ ಹ ಬಂತು, ಒಂದು ತಪ್ಪು. ೞ ಹೋಗಿ ಳ ಬಂತು, ಎರಡನೇ ತಪ್ಪು. ನಮ್ಮೂರಿನ 'ಕೆರೆ'ಯೂ ಹಳಗನ್ನಡದಲ್ಲಿ 'ಕೆಱೆ', ಆ ಇನ್ನೊಂದು ಱ ಕೂಡ ಹೋಯಿತು. ದೋರಸಮುದ್ರ ಅನ್ನುವ ಹೆಸರು ಶಾಸನಗಳಿಗೆ ಸೇರಿ ಹೋಯಿತು. ವೇಲಾಪುರಿ ಅನ್ನುವುದು ಈಗ ಹೋಟೆಲ್ ಬೋರ್ಡಿಗೆ ಚಂದ, ಅಷ್ಟೇ. ನೀವು ಬಸ್ ಕಂಡಕ್ಟರ್‌ಗೆ ಹೇಳುವುದು ಕಾಗುಣಿತ ತಪ್ಪಿದ ಹೆಸರನ್ನೇ.

ಈ ತಪ್ಪುಗಳನ್ನು ಬರೆದಿಟ್ಟವರು ಯಾರು? ಊರಿನ ಸೇನಬೋವ, ಊರಿನ ಕಲ್ಲುಕುಟಿಗ. ಹಾಸನ ಜಿಲ್ಲೆಯ ಹಳ್ಳಿಗಳಲ್ಲಿ ವೀರಗಲ್ಲು ಇಲ್ಲದ ಊರು ಹುಡುಕುವುದು ಕಷ್ಟ. ಕೆಳಗಿನ ಪಟ್ಟಿಯಲ್ಲಿ ಜಗಳ, ನಡುವೆ ಅಪ್ಸರೆಯರು ಕರೆದುಕೊಂಡು ಹೋಗುವುದು, ಮೇಲೆ ಕೈಲಾಸ. ನಡುನಡುವಿನ ಅಂಚಿನಲ್ಲಿ ಬರಹ. ಬರಹ ಏನು? ಇಂಥ ವರ್ಷ, ಇಂಥ ರಾಜ ಆಳುವಾಗ, ಇಂಥ ಊರಿನ ದನ ಹಿಡಿದಾಗ, ಇಂಥವನ ಮಗ ಇಂಥವನು ಹೋರಾಡಿ ಸತ್ತ, ಈ ಕಲ್ಲನ್ನು ಅವನ ತಮ್ಮ ನಿಲ್ಲಿಸಿದ. ಮುಗೀತು. ಅಲಂಕಾರ ಇಲ್ಲ, ಎಷ್ಟೋ ಕಡೆ ಅಕ್ಷರ ನೆಟ್ಟಗಿಲ್ಲ, ಜಾಗ ಸಾಲದೆ ಕೊನೆಯ ಸಾಲು ಇರುಕಿಕೊಂಡಿರುತ್ತದೆ.

ಅದೇ ಕಾಲದಲ್ಲಿ ಆಸ್ಥಾನ ಕವಿಗಳು ಬರೆದ ಶಾಸನಗಳೂ ಇವೆ. ತರೀಕೆರೆ ಹತ್ತಿರದ ಅಮೃತಾಪುರದ ಶಾಸನ ಜನ್ನನದೇ ರಚನೆ. ವೃತ್ತ, ಕಂದ, ರಾಜವಂಶದ ಹೊಗಳಿಕೆ, ಎಲ್ಲ ದುಂಡಾದ ಅಕ್ಷರದಲ್ಲಿ. ಸುಂದರವಾಗಿದೆ, ಇಲ್ಲ ಅನ್ನಲ್ಲ. ಆದರೆ ಒಂದು ಹಳ್ಳಿಯಲ್ಲಿ ಒಂದು ಬೆಳಗ್ಗೆ ನಿಜವಾಗಿ ಏನಾಯಿತು ಅಂತ ತಿಳಿಯಬೇಕಾದರೆ ನೀವು ಹೋಗಬೇಕಾದ್ದು ವೀರಗಲ್ಲಿನ ಹತ್ತಿರ. ದನ ಯಾರದ್ದು, ಸತ್ತವನ ಅಪ್ಪ ಯಾರು ಅಂತ ವೃತ್ತ ಕಂದಗಳಿಗೆ ಗೊತ್ತಿಲ್ಲ.

ಇದನ್ನು ನಾನೊಬ್ಬನೇ ಹೇಳುತ್ತಿಲ್ಲ. ಬಿ. ಎಲ್. ರೈಸ್ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯಲ್ಲಿದ್ದವರು. ಶಾಲೆ ತಪಾಸಣೆಗೆ ಊರೂರು ಸುತ್ತುವಾಗ ಕಲ್ಲುಗಳು ಕಣ್ಣಿಗೆ ಬಿದ್ದವು. ಅದು ಮೊದಲು ಹವ್ಯಾಸ, ಆಮೇಲೆ ಇಲಾಖೆಯ ಕೆಲಸ ಆಯಿತು. 'ಎಪಿಗ್ರಾಫಿಯಾ ಕರ್ನಾಟಿಕಾ'ದ ಐದನೇ ಸಂಪುಟ, ಹಾಸನ ಜಿಲ್ಲೆಯದು, 1902ರಲ್ಲಿ ಬಂತು. ಅರಸೀಕೆರೆ, ಬೇಲೂರು ತಾಲ್ಲೂಕುಗಳ ಕಲ್ಲುಗಳು ಅದರಲ್ಲಿವೆ. ಅರಮನೆಯ ಪ್ರಶಸ್ತಿಗೂ ಒಂದು ನಂಬರು, ಹೊಲದ ಬದುವಿನ ವೀರಗಲ್ಲಿಗೂ ಒಂದು ನಂಬರು. ಚೆನ್ನಾಗಿದೆಯಾ ಅಂತ ನೋಡಿ ಆರಿಸಿದ್ದರೆ ಆ ಸಂಪುಟ ಒಂದು ತೆಳ್ಳಗಿನ ಪುಸ್ತಕ ಆಗಿರುತ್ತಿತ್ತು. ಮುಂದೆ 1946ರಲ್ಲಿ ಜಿ. ಎಸ್. ಗಾಯಿ ಹಳಗನ್ನಡದ ಚಾರಿತ್ರಿಕ ವ್ಯಾಕರಣ ಬರೆದಾಗ ಆಧಾರ ಮಾಡಿಕೊಂಡದ್ದು ಕಾವ್ಯಗಳನ್ನಲ್ಲ, ಶಾಸನಗಳನ್ನು. ಭಾಷೆ ಯಾವಾಗ ಎಲ್ಲಿ ಬದಲಾಯಿತು ಅಂತ ಗೊತ್ತಾಗುವುದು ಬರೆಯುವವನ ಕೈ ಜಾರಿದ ಕಡೆ. ಪಂಡಿತ ಜಾರುವುದಿಲ್ಲವಲ್ಲ, ಹಾಗಾಗಿ ಅವನಿಂದ ಈ ಸುದ್ದಿ ಸಿಗುವುದೂ ಇಲ್ಲ.

ವಚನಗಳ ಕಥೆಯೂ ಅಷ್ಟೇ. ಅವನ್ನು ಓಲೆಗರಿಯಿಂದ ಎತ್ತಿ ಅಚ್ಚಿಗೆ ತಂದ ಫ. ಗು. ಹಳಕಟ್ಟಿ ಕನ್ನಡ ಪ್ರೊಫೆಸರ್ ಅಲ್ಲ, ಬಿಜಾಪುರದ ವಕೀಲರು. 1923ರಲ್ಲಿ 'ವಚನಶಾಸ್ತ್ರಸಾರ' ತಂದರು. ಮುದ್ರಣಾಲಯ ಹಾಕಲು ಸ್ವಂತ ಮನೆ ಮಾರಿದರು. ಹವ್ಯಾಸಿಗಳ ಬರಹವನ್ನು ಉಳಿಸಿದವರೂ ಇನ್ನೊಬ್ಬ ಹವ್ಯಾಸಿಯೇ ಅನ್ನುವುದನ್ನು ಶಾಲು ಹೊದ್ದವರು ಭಾಷಣದಲ್ಲಿ ಯಾಕೋ ಮರೆಯುತ್ತಾರೆ.

ಇಷ್ಟು ಹೇಳಿದ ಮೇಲೆ ನಮ್ಮ ಕಡೆಯವರು ಕೆಲವರು ಚಪ್ಪಾಳೆ ತಟ್ಟಬಹುದು. ನಿಲ್ಲಿ, ನಿಲ್ಲಿ. ನಿಮಗೂ ಒಂದೆರಡು ಮಾತಿದೆ.

ಹವ್ಯಾಸಿಗಳ ಬರಹ ಅಂದ ಮಾತ್ರಕ್ಕೆ ಎಲ್ಲವೂ ಚೆಂದ, ಎಲ್ಲದಕ್ಕೂ 'ಸೂಪರ್', 'ತುಂಬಾ ಚೆನ್ನಾಗಿದೆ, ಹೀಗೇ ಬರೆಯುತ್ತಿರಿ' ಅನ್ನುವ ಒಂದು ಗುಂಪಿದೆ. ನಾನು ನಿನ್ನದನ್ನು ಹೊಗಳುತ್ತೇನೆ, ನೀನು ನನ್ನದನ್ನು ಹೊಗಳು. ದೋರಸಮುದ್ರದ ಆ ಹಜಾರಕ್ಕೂ ಇದಕ್ಕೂ ವ್ಯತ್ಯಾಸ ಏನು? ಅವರಿಗೆ ಕನಿಷ್ಠ ವ್ಯಾಕರಣವಾದರೂ ಗೊತ್ತಿತ್ತು. ಓದದೇ ಹೊಗಳುವುದು ಓದದೇ ಬೈಯುವುದಕ್ಕಿಂತ ಒಳ್ಳೆಯದು ಅಂತ ನನಗೆ ಅನ್ನಿಸಿಲ್ಲ. ರಿವ್ಯೂನಲ್ಲಿ ಓದದೆ ಒಪ್ಪಿಗೆ ಒತ್ತುವ ಗೆಳೆಯ ಬಹಳ ಪ್ರೀತಿಯವನು. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದಾಗ ಎದ್ದು ಕೂರುವವನು ಮಾತ್ರ ಅವನಲ್ಲ.

ಈಗ ಜಕಣಾಚಾರಿ.

ಬೇಲೂರಿಗೆ ಹೋಗಿ ಬಂದವರು ಬರೆದ ಪ್ರವಾಸ ಕಥನ ನೀವು ಎಷ್ಟು ಓದಿಲ್ಲ! ಹತ್ತರಲ್ಲಿ ಒಂಬತ್ತು ಒಂದೇ ಅಚ್ಚು. ಬೆಳಗ್ಗೆ ಬೇಗ ಎದ್ದೆವು, ಹಾಸನದಲ್ಲಿ ಇಡ್ಲಿ ತಿಂದೆವು, ದರ್ಪಣ ಸುಂದರಿಯನ್ನು ನೋಡಿ ಮೂಕರಾದೆವು. ಆಮೇಲೆ ಜಕಣಾಚಾರಿ, ಮಗ ಡಂಕಣಾಚಾರಿ, ವಿಗ್ರಹದ ಕಲ್ಲಿನೊಳಗೆ ಕಪ್ಪೆ, ಅಪ್ಪ ಕೈ ಕತ್ತರಿಸಿಕೊಂಡದ್ದು. ಗೈಡು ಹೇಳಿದ್ದನ್ನೇ ಇಳಿಸಿದ್ದಾರೆ. ಗೈಡಿನ ತಪ್ಪೇನಿಲ್ಲ, ಅದು ಅವನ ಹೊಟ್ಟೆಪಾಡು. 1964ರಲ್ಲಿ ಬಿ. ಎಸ್. ರಂಗಾ ಅವರ 'ಅಮರಶಿಲ್ಪಿ ಜಕಣಾಚಾರಿ' ಸಿನಿಮಾ ಬೇರೆ ಬಂತು, ಪೂರ್ತಿ ಬಣ್ಣದ ಮೊದಲ ಕನ್ನಡ ಚಿತ್ರ. ಕಥೆಗೆ ಅದೂ ಬಣ್ಣ ಹಚ್ಚಿತು.

ಆದರೆ ಬೇಲೂರಿನ ಕಲ್ಲಿನ ಮೇಲೆ ಇರುವ ಸಹಿಗಳಲ್ಲಿ ಜಕಣಾಚಾರಿ ಇಲ್ಲ. ಇರುವುದು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಗದುಗಿನ ನಾಗೋಜ, ಇನ್ನೂ ಹಲವರು. ಮದನಿಕೆಯರ ಪಾದದ ಕೆಳಗಿನ ಪೀಠದಲ್ಲಿ ಹೆಸರು, ಊರು, ಅಪ್ಪನ ಹೆಸರು, ಜೊತೆಗೆ ಎದುರಾಳಿ ಶಿಲ್ಪಿಗಳನ್ನು ಕೆಣಕುವ ಬಿರುದುಗಳು. ನಮ್ಮ ಜನಕ್ಕೆ ಜಂಬ ಆಗಲೂ ಕಮ್ಮಿ ಇರಲಿಲ್ಲ. ಭಾರತದಲ್ಲಿ ಹಳೆಯ ಶಿಲ್ಪಿಗಳು ಹೆಸರು ಬಿಟ್ಟು ಹೋಗಿರುವುದು ಅಪರೂಪ, ಹೊಯ್ಸಳರ ಕಡೆ ಅದು ಧಾರಾಳವಾಗಿದೆ. ಹದಿಮೂರನೇ ಶತಮಾನದ ಸೋಮನಾಥಪುರದಲ್ಲಿ ಮಲ್ಲಿತಮ್ಮ ಒಬ್ಬನ ಸಹಿಯೇ ಹತ್ತಾರು ಕಡೆ ಸಿಗುತ್ತದೆ. ಎಂಟುನೂರು ಒಂಬೈನೂರು ವರ್ಷದಿಂದ ಅವರು ತಮ್ಮ ಹೆಸರು ಹೇಳುತ್ತಾ ನಿಂತಿದ್ದಾರೆ, ನಾವು ಅವರ ಮುಂದೆ ಮೂಕರಾಗಿ ನಿಂತು, ಮನೆಗೆ ಬಂದು, ಇಲ್ಲದವನ ಹೆಸರು ಬರೆಯುತ್ತೇವೆ.

ಒಬ್ಬ ಹವ್ಯಾಸಿ ಕಾಗುಣಿತ ತಪ್ಪಿಸಿಕೊಂಡೇ "ನಾನು ಇವತ್ತು ಇಷ್ಟು ಮದನಿಕೆಯರ ಪೀಠ ನೋಡಿದೆ, ಇಷ್ಟರಲ್ಲಿ ಬರಹ ಇದೆ, ಇಂಥದ್ದರ ಮೇಲೆ ಪಾರಿವಾಳದ ಹಿಕ್ಕೆ ಬಿದ್ದು ಓದಲಾಗಲಿಲ್ಲ" ಅಂತ ಬರೆದರೆ ಅವನು ದೊಡ್ಡ ಬರಹಗಾರ. ಇನ್ನೊಬ್ಬ ಒಂದೂ ತಪ್ಪಿಲ್ಲದೆ ಕಪ್ಪೆಯ ಕಥೆ ಬರೆದರೆ ಅವನು ನಮ್ಮ ಸಮಯ ಹಾಳು ಮಾಡಿದ. ಈ ಎರಡನೆಯವನನ್ನು ಬೈಯಬೇಕು, ಸ್ನೇಹಿತನಾದರೆ ಇನ್ನೂ ಜೋರಾಗಿ ಬೈಯಬೇಕು. ನೀನು ಏನು ನೋಡಿದೆ? ಎಲ್ಲಿ ನಿಂತು ನೋಡಿದೆ? ಯಾರು ಹೇಳಿದ್ದು? ನೀನೇ ಬರೆಯಬೇಕಾದ್ದು ಇದರಲ್ಲಿ ಏನಿದೆ? ಇದಕ್ಕೆ ಉತ್ತರ ಇಲ್ಲದ ಬರಹಕ್ಕೆ ಜೊಳ್ಳು ಅನ್ನಲು ನನಗೆ ಸಂಕೋಚ ಇಲ್ಲ. ಬರೆದವರು ಹವ್ಯಾಸಿಯಾಗಿರಲಿ, ಅಕಾಡೆಮಿ ಪ್ರಶಸ್ತಿ ಬಂದವರಾಗಿರಲಿ.

ಒಂದು ವಸ್ತುವನ್ನು ಅದರದ್ದೇ ಅಳತೆಯಲ್ಲಿ ನೋಡಬೇಕು ಅನ್ನುವುದಕ್ಕೆ ಹಳೇಬೀಡೇ ಸಾಕ್ಷಿ. 1121ರಲ್ಲಿ ಕೆಲಸ ಶುರುವಾದ ಹೊಯ್ಸಳೇಶ್ವರವನ್ನು ಜೇಮ್ಸ್ ಫರ್ಗುಸನ್ 1876ರ ತಮ್ಮ ಪುಸ್ತಕದಲ್ಲಿ ಅಥೆನ್ಸಿನ ಪಾರ್ಥೆನಾನ್ ಜೊತೆ ಇಟ್ಟು ನೋಡಿದರು. ಒಂದು ಕಡಿಮೆ, ಒಂದು ಹೆಚ್ಚು ಅನ್ನಲಿಲ್ಲ. ಎರಡೂ ಎರಡು ತುದಿ, ತಮ್ಮ ತಮ್ಮ ಬಗೆಯಲ್ಲಿ ಎರಡೂ ಪರಮ ಅಂದರು. ಮುಂದೆ ಪರ್ಸಿ ಬ್ರೌನ್ ಅದೇ ಹೊಯ್ಸಳ ಶಿಲ್ಪ ನೋಡಿ ಇದು ಗಂಧದ ಮರ, ದಂತ ಕೆತ್ತುವವರ, ಅಕ್ಕಸಾಲಿಗರ ಕೈಚಳಕದ ಹಾಗಿದೆ ಅಂದರು. ಅದರಲ್ಲಿ ಮೆಚ್ಚುಗೆಯೂ ಇದೆ, ಕಟ್ಟಡ ಕಟ್ಟುವವರ ಕಲೆ ಇದಲ್ಲವೇನೋ ಅನ್ನುವ ಸಣ್ಣ ಚುಚ್ಚೂ ಇದೆ ಅಂತ ನನಗೆ ಕೇಳಿಸುತ್ತೆ. ಫರ್ಗುಸನ್‌ಗೆ ಹಳೇಬೀಡಿನ ಮೇಲಿದ್ದ ಮರ್ಯಾದೆ ನಮಗೆ ನಮ್ಮ ಪಕ್ಕದ ಮನೆಯವನ ಮೂರು ಪುಟದ ಮೇಲೆ ಯಾಕಿಲ್ಲ?

ಇದು ಬರೀ ಮರ್ಯಾದೆಯ ಪ್ರಶ್ನೆಯೂ ಅಲ್ಲ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೋ ಪಟ್ಟಿಗೆ ಸೇರಿದವು. ಸಂತೋಷ. 1220ರ ಸುಮಾರಿನ ನಮ್ಮೂರ ಈಶ್ವರ ದೇವಸ್ಥಾನ, ನಕ್ಷತ್ರದಾಕಾರದ ಮುಖಮಂಟಪ, ಒಳಗೆ ಗುಮ್ಮಟದಂಥ ಚಾವಣಿ ಇರುವಂಥದ್ದು, ಆ ಪಟ್ಟಿಯಲ್ಲಿಲ್ಲ. ಇರಲಿ, ಅದಕ್ಕೆ ಪುರಾತತ್ವ ಇಲಾಖೆಯ ಬೇಲಿಯಾದರೂ ಇದೆ. ಊರಾಚೆಯ ವೀರಗಲ್ಲಿಗೆ ಬೇಲಿಯೂ ಇಲ್ಲ, ಅದನ್ನೇ ಬೇಲಿಗೆ ನೆಟ್ಟಿರುತ್ತಾರೆ. ನಮ್ಮ ಕಡೆಯ ಒಂದು ಕೆರೆಯಲ್ಲಿ ಬಟ್ಟೆ ಒಗೆಯುವ ಕಲ್ಲಿನ ಅಂಚಿನಲ್ಲಿ ಅರ್ಧ ಸವೆದ ಅಕ್ಷರ ನಾನೇ ನೋಡಿದ್ದೇನೆ. ಒಗೆಯುವವರಿಗೆ ಬೈಯಲು ನನಗೆ ಬಾಯಿಲ್ಲ, ಅದು ಬೆಲೆಯುಳ್ಳದ್ದು ಅಂತ ಅವರಿಗೆ ಯಾರೂ ಹೇಳಿಲ್ಲ. ಬೆಲೆ ಕಟ್ಟುವವರ ಕಣ್ಣೆಲ್ಲ ಮದನಿಕೆಯರ ಮೇಲಿತ್ತು.

ಕನ್ನಡದ ಅತಿ ಹಳೆಯ ಶಾಸನ ಅಂತ ನಾವೆಲ್ಲ ಶಾಲೆಯಲ್ಲಿ ಓದಿದ ಹಲ್ಮಿಡಿ ಸಿಕ್ಕಿದ್ದೂ ಬೇಲೂರು ತಾಲ್ಲೂಕಿನಲ್ಲೇ. (ಅದಕ್ಕಿಂತ ತಾಳಗುಂದದ್ದು ಹಳೆಯದು ಅನ್ನುವವರೂ ಇದ್ದಾರೆ, ಆ ಜಗಳ ಇಲ್ಲಿ ಬೇಡ.) ಸುಮಾರು ಕ್ರಿ.ಶ. 450ರದ್ದು, ಹದಿನಾರು ಸಾಲು, ಹೋರಾಡಿದವನಿಗೆ ಭೂಮಿ ಕೊಟ್ಟ ಸುದ್ದಿ. ಎಂ. ಎಚ್. ಕೃಷ್ಣ ಅವರ ಕಣ್ಣಿಗೆ ಅದು ಬಿದ್ದದ್ದು 1936ರಲ್ಲಿ. ಕಾವ್ಯಗುಣ ಹುಡುಕುತ್ತಾ ಹೊರಟವರಾಗಿದ್ದರೆ ಅದರ ಮುಂದೆ ನಿಲ್ಲುತ್ತಲೂ ಇರಲಿಲ್ಲ.

ಹಾಗಾದರೆ ಕಾಗುಣಿತ ತಿದ್ದುವುದೇ ಬೇಡವಾ ಅಂತ ಕೇಳುವವರು ಇದ್ದೇ ಇರುತ್ತೀರಿ. ತಿದ್ದಿ, ಯಾರು ಬೇಡ ಅಂದರು? ಆದರೆ ಮೊದಲು ಓದಿ, ಆಮೇಲೆ ತಿದ್ದಿ. ತಿದ್ದುವುದು ಹೇಗೆ ಅಂತ ಶಾಸನ ಪ್ರಕಟಿಸುವವರನ್ನು ನೋಡಿ ಕಲಿಯಿರಿ. ಕಲ್ಲಿನಲ್ಲಿ ಹೇಗಿದೆಯೋ ಹಾಗೇ ಅಚ್ಚು ಹಾಕುತ್ತಾರೆ, ಸರಿ ರೂಪ ಬೇಕಿದ್ದರೆ ಪಕ್ಕದಲ್ಲೋ ಅಡಿಯಲ್ಲೋ ಕೊಡುತ್ತಾರೆ. ತಪ್ಪಿದೆ ಅಂತ ಕಲ್ಲನ್ನೇ ಹಳ್ಳಕ್ಕೆ ಎಸೆಯುವುದಿಲ್ಲ.

ಅಂದ ಹಾಗೆ, ದೊಡ್ಡಪ್ಪನ 'ಅಳ್ಳ' ಕೂಡ ಸುಮ್ಮನೆ ಬಂದ ತಪ್ಪಲ್ಲ. ಹಳಗನ್ನಡದ 'ಪಳ್ಳ' ನ ಪ ಸವೆದು 'ಹಳ್ಳ' ಆಯಿತು, ಹ ಸವೆದು ನಮ್ಮ ಕಡೆಯ ಬಾಯಲ್ಲಿ 'ಅಳ್ಳ' ಆಗಿದೆ. ಪಾಲು, ಹಾಲು, ಆಲು. ಮೊದಲ ಸವೆತವನ್ನು ಒಪ್ಪಿಕೊಂಡು ಪಾಠಪುಸ್ತಕಕ್ಕೆ ಹಾಕಿದವರು ಎರಡನೆಯದಕ್ಕೆ ಮೂಗು ಮುರಿಯುತ್ತಾರೆ. ಸಂಪಾದಕರು ಆ ಮೂರು ಪುಟವನ್ನು ಹಾಗೇ ಹಾಕಿ, ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ 'ಅಳ್ಳ ಅಂದರೆ ಹಳ್ಳ' ಅಂತ ಒಂದು ಸಾಲು ಕೊಟ್ಟಿದ್ದರೆ ಸಾಕಿತ್ತು. ತೆಂಗಿಗೆ ನುಸಿ ಬಂದ ಮೊದಲ ವರ್ಷ ಅರಸೀಕೆರೆಯ ಒಂದು ತೋಟದಲ್ಲಿ ಏನಾಯಿತು ಅನ್ನುವುದು ಆ ಸಂಚಿಕೆಯಲ್ಲಿ ಇರುತ್ತಿತ್ತು. ಈಗ ಅದರಲ್ಲಿ ಕಪ್ಪೆ ಇದೆ.